ನಮ್ಮ ಕಾಲಂ ನಮಗೆ ಓದಿ ಹೇಳಿ

ಸಿಇಟಿ ಬರೆದು ರ‍್ಯಾಂಕ್ ತಂದ ಹಳ್ಳಿ ಹುಡುಗಿಗೆ ಮುಂದಿನ ದಾರಿ ತೋರಿಸುವುದು ಯಾರ ಕೆಲಸ? ಸರ್ಕಾರದ ಕೆಲಸ. ಇದನ್ನು ಕೈಮುಗಿದು ಕೇಳುವ ಕಾಲ ಮುಗಿಯಿತು. ಬಾಕಿ ವಸೂಲಿಗೆ ಬಾಗಿಲಿಗೆ ಬಂದವರ ಹಾಗೆ ಕೇಳುತ್ತಿದ್ದೇವೆ.

ಸಿಇಟಿಯಿಂದ ಸಿಗುವ ಸೀಟುಗಳು ಯಾರೋ ಉದಾರಿಗಳು ಕೊಟ್ಟ ದಾನವಲ್ಲ. ಎಂಬತ್ತರ ದಶಕದಲ್ಲಿ ಈ ರಾಜ್ಯದ ಕಾಲೇಜು ಸೀಟುಗಳು ಡೊನೇಷನ್‌ಗೆ ಹರಾಜಾಗುತ್ತಿದ್ದವು. 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯ್ದೆ ಬಂತು. 1992ರಲ್ಲಿ, ಕರ್ನಾಟಕದ್ದೇ ಮೊಕದ್ದಮೆಯಾದ ಮೋಹಿನಿ ಜೈನ್ ಪ್ರಕರಣದಲ್ಲಿ, ಹೀಗೆ ಹಣ ಕಿತ್ತುಕೊಳ್ಳುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿತು. 1994ರಲ್ಲಿ ಸಿಇಟಿ ಶುರುವಾಯಿತು. ಅದಕ್ಕೂ ಮೊದಲು, ಹಿಂದುಳಿದ ವರ್ಗಗಳ ಮೀಸಲಾತಿಯ ಕುರಿತ 1975ರ ಹಾವನೂರು ವರದಿಗಾಗಿ ಬೀದಿಯಲ್ಲಿ ನಿಂತವರಿದ್ದರು. ಅಷ್ಟೆಲ್ಲ ಜಗಳವಾಡಿ ಪಡೆದ ಸೀಟು ಇವತ್ತು ನಮ್ಮ ಮಕ್ಕಳ ಕೈ ತಪ್ಪುತ್ತಿದೆ. ಕಾರಣ ರ‍್ಯಾಂಕಿನ ಕೊರತೆಯೊಂದೇ ಅಲ್ಲ. ಪಟ್ಟಿ ಓದಿ ಹೇಳುವ ಒಬ್ಬ ಮನುಷ್ಯ ಹತ್ತಿರವಿಲ್ಲ.

ಹಿಂದಿನ ವರ್ಷದ ಕಟ್-ಆಫ್ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಒಂದೊಂದು ಎಂಜಿನಿಯರಿಂಗ್ ಕಾಲೇಜಿಗೂ ಒಂದೊಂದು ಕೋಡ್. ಇ001 ಎಂದರೆ ಬೆಂಗಳೂರಿನ ಯುವಿಸಿಇ. ಕಾಲೇಜಿನ ಕೆಳಗೆ ಕೋರ್ಸುಗಳು, ಕೋರ್ಸಿನ ಎದುರು ಸಾಲಾಗಿ ಕಾಲಂಗಳು: ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್, ಎಸ್‌ಸಿಜಿ, ಎಸ್‌ಸಿಕೆ, ಎಸ್‌ಸಿಆರ್, ಹೀಗೆ ಪುಟದ ಅಂಚಿನವರೆಗೆ. ಕೊನೆಯ ಅಕ್ಷರ ‘ಕೆ’ ಆದರೆ ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರ ಪಾಲಿನ ಶೇ 5 ಸೀಟು. ‘ಆರ್’ ಆದರೆ ಅದೇ ಹತ್ತು ವರ್ಷ ಹಳ್ಳಿಯಲ್ಲಿ ಓದಿದವರ ಶೇ 15. ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಓದಿದ, 2ಎ ಪ್ರವರ್ಗಕ್ಕೆ ಸೇರಿದ ಮಡಿವಾಳರ ಹುಡುಗ ನೋಡಬೇಕಾದ್ದು 2ಎಆರ್, 2ಎಕೆ ಕಾಲಂಗಳನ್ನು. ಅವನು ನೋಡುವುದು ಮೊದಲು ಕಣ್ಣಿಗೆ ಬೀಳುವ ಜಿಎಂ, ಅಂದರೆ ಜನರಲ್ ಮೆರಿಟ್ ಕಾಲಂ ಅನ್ನು. ಅಲ್ಲಿರುವ ಸಂಖ್ಯೆ ಅವನ ರ‍್ಯಾಂಕಿಗಿಂತ ಎಷ್ಟೋ ಮುಂದೆಯೇ ನಿಂತುಬಿಟ್ಟಿರುತ್ತದೆ. “ನನಗೆಲ್ಲಿ ಸಿಗುತ್ತೆ ಸಾರ್” ಎಂದು ಎದ್ದುಹೋಗುತ್ತಾನೆ. ಆ ಕಾಲೇಜಿನ ಹೆಸರನ್ನು ಆಪ್ಷನ್ ಎಂಟ್ರಿಯಲ್ಲಿ ಬರೆಯುವುದೇ ಇಲ್ಲ. ಬರೆಯದ ಕಾಲೇಜಿನಲ್ಲಿ ಯಾವ ಕಂಪ್ಯೂಟರೂ ಸೀಟು ಕೊಡುವುದಿಲ್ಲ. ಮೀಸಲಾತಿಯನ್ನು ಕಿತ್ತುಹಾಕಲು ಕಾನೂನು ತಿದ್ದಬೇಕಾಗಿಲ್ಲ. ಕಾಲಂ ಓದಲು ಕಲಿಸದಿದ್ದರೆ ಸಾಕು.

ಕಾಲಂ ಗೊತ್ತಾದರೂ ಕಾಗದ ಬೇಕು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರಿಗಾಗಿ ನಾಡಕಚೇರಿ. ಗ್ರಾಮೀಣ, ಕನ್ನಡ ಮಾಧ್ಯಮದ ದಾಖಲೆಗೆ ಮುಖ್ಯೋಪಾಧ್ಯಾಯರ ರುಜು, ಬಿಇಒ ಕಚೇರಿಯ ಮೇಲುರುಜು. ಕಲ್ಯಾಣ ಕರ್ನಾಟಕದವರಾದರೆ 371ಜೆ ಪತ್ರಕ್ಕಾಗಿ ಉಪವಿಭಾಗಾಧಿಕಾರಿ ಕಚೇರಿ. ಪ್ರತಿ ಬಾಗಿಲಿಗೂ ಒಂದು ದಿನದ ಕೂಲಿ ಹೋಗುತ್ತದೆ. ಅಪ್ಪನ ಹೆಸರಿನ ಮುಂದಿನ ಇನಿಷಿಯಲ್ ಅಂಕಪಟ್ಟಿಯಲ್ಲೊಂದು, ಜಾತಿಪತ್ರದಲ್ಲೊಂದು ಇದ್ದರೆ ಮತ್ತೆ ಮೊದಲಿಂದ ಅಲೆಯಬೇಕು. ದಾಖಲೆ ತಾಳೆಯಾಗದಿದ್ದರೆ ಮೀಸಲಾತಿಯ ಕೋರಿಕೆ ಬಿದ್ದುಹೋಗುತ್ತದೆ, ಮಗು ಜಿಎಂ ಸಾಲಿಗೆ ಬಂದು ನಿಲ್ಲುತ್ತದೆ. ಶಾಲೆ ಸರ್ಕಾರದ್ದು, ಜಾತಿಪತ್ರ ಸರ್ಕಾರದ್ದು, ಪರೀಕ್ಷೆಯೂ ಸರ್ಕಾರದ್ದು. ತನ್ನ ಒಂದು ಕಚೇರಿಯಲ್ಲಿರುವುದನ್ನು ಇನ್ನೊಂದು ಕಚೇರಿಗೆ ಮುಟ್ಟಿಸುವ ಹೊಣೆಯನ್ನು ಮಾತ್ರ ಅದು ಕೂಲಿಯವನ ಹೆಗಲಿಗೆ ಹಾಕಿದೆ.

ಆಪ್ಷನ್ ಎಂಟ್ರಿಯ ಕೊನೆಯ ರಾತ್ರಿ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿನ ಒಂದು ಸೈಬರ್ ಸೆಂಟರಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಒಳಗೆ ಎರಡು ಕಂಪ್ಯೂಟರ್, ಹೊರಗೆ ಮೆಟ್ಟಿಲವರೆಗೆ ಜನ. ಒಬ್ಬ ತಾಯಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಮಗಳ ಅಂಕಪಟ್ಟಿಗಳನ್ನೆಲ್ಲ ಸುತ್ತಿಕೊಂಡು ಎದೆಗೊತ್ತಿ ಹಿಡಿದಿದ್ದಳು. ಮನೆಯಲ್ಲಿದ್ದ ಒಂದೇ ಮೊಬೈಲು ಅಣ್ಣನ ಜೊತೆ ಬೆಂಗಳೂರಿಗೆ ಹೋಗಿದ್ದರಿಂದ ನೋಂದಣಿಗೆ ಸೆಂಟರಿನವನದೇ ನಂಬರು ಕೊಟ್ಟಿದ್ದರು. ಒಟಿಪಿ ಬರುವುದು ಅವನಿಗೆ. “ಯಾವ ಕಾಲೇಜು ಹಾಕ್ಲಮ್ಮ?” ಎಂದ. “ನಿಂಗೆ ಗೊತ್ತಿರೋ ಚಲೋದು ಹಾಕಪ್ಪ” ಎಂದಳು ತಾಯಿ. ಅವನ ಮೇಜಿನ ಮೇಲೆ ಒಂದು ಖಾಸಗಿ ಕಾಲೇಜಿನ ಪಾಂಪ್ಲೆಟ್ಟಿನ ಕಟ್ಟು ಇತ್ತು. ಮೊದಲ ಆಪ್ಷನ್ ಅದೇ ಆಯಿತು.

ಮೊದಲ ಆಪ್ಷನ್ ಎಂದರೇನೆಂದು ಆ ತಾಯಿಗೆ ಯಾರೂ ಹೇಳಿರಲಿಲ್ಲ. ಯಂತ್ರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ. ರ‍್ಯಾಂಕಿಗೆ ಸಿಗುವ ಮೊದಲ ಸೀಟಿನಲ್ಲೇ ನಿಲ್ಲುತ್ತದೆ. ಅದರ ಕೆಳಗೆ ಸರ್ಕಾರಿ ಕಾಲೇಜಿದ್ದರೂ ಅದನ್ನು ಮುಟ್ಟುವುದೇ ಇಲ್ಲ. ಆಮೇಲೆ ನಾಲ್ಕು ಚಾಯ್ಸ್‌ಗಳು. ಒಂದು, ಒಪ್ಪಿ ಸೇರುವುದು. ಎರಡು, ಇದನ್ನಿಟ್ಟುಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು. ಮೂರು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಪೂರ್ತಿ ಹೊರಬೀಳುವುದು. ಎರಡನ್ನು ಒತ್ತಬೇಕಾದವಳು ಮೂರನ್ನು ಒತ್ತಿದರೆ ಕೈಯಲ್ಲಿದ್ದ ಸೀಟೂ ಹೋಯಿತು. ಹದಿನೇಳು ವರ್ಷದ ಮಗಳ ನಾಲ್ಕು ವರ್ಷದ ಓದು ಆ ಒಂದು ಕ್ಲಿಕ್ಕಿನಲ್ಲಿದೆ, ಪಕ್ಕದಲ್ಲಿ ಕೂತವನಿಗೆ ಹೊರಗಿನ ಸರದಿ ಕರಗಿಸುವ ಅವಸರ.

ಊರಿನ ಇನ್ನೊಂದು ತುದಿಯಲ್ಲಿ, ಹಣವಿದ್ದವರ ಮನೆಯಲ್ಲಿ, ಇದೇ ವಿದ್ಯೆ ಪ್ಯಾಕೇಜಾಗಿ ಮಾರಾಟಕ್ಕಿದೆ. ಸಾವಿರಾರು ರೂಪಾಯಿ ಕೊಟ್ಟರೆ ರ‍್ಯಾಂಕಿಗೆ ತಕ್ಕ ಪಟ್ಟಿ ಸಿದ್ಧಪಡಿಸಿ ಮನೆಗೇ ಕಳಿಸುತ್ತಾರೆ. ಆ ತಂದೆತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಸಾರ್ವಜನಿಕ ಪರೀಕ್ಷೆಯ ನಿಯಮಗಳನ್ನು ಖಾಸಗಿ ಸರಕಾಗಲು ಬಿಟ್ಟವರ ಮೇಲೆ ಸಿಟ್ಟಿದೆ. ಈ ಕತ್ತಲಲ್ಲೇ ದಲ್ಲಾಳಿ ಬೆಳೆಯುತ್ತಾನೆ. ಸೇರುವ ಉದ್ದೇಶವೇ ಇಲ್ಲದ ಒಳ್ಳೆಯ ರ‍್ಯಾಂಕಿನವರ ಹೆಸರಲ್ಲಿ ಬೇಡಿಕೆಯ ಸೀಟು ಹಿಡಿದಿಡುತ್ತಾನೆ. ಕೊನೆಯ ಸುತ್ತು ಮುಗಿದರೂ ಆ ವಿದ್ಯಾರ್ಥಿ ಸೇರುವುದಿಲ್ಲ. ತುಂಬದ ಸರ್ಕಾರಿ ಕೋಟಾದ ಸೀಟು ಆಡಳಿತ ಮಂಡಳಿಯ ಪಾಲಾಗುತ್ತದೆ, ಅಲ್ಲಿಂದ ಲಕ್ಷಗಳಿಗೆ ಬಿಕರಿಯಾಗುತ್ತದೆ. 2024ರಲ್ಲಿ ಈ ಸೀಟ್ ಬ್ಲಾಕಿಂಗ್ ವ್ಯವಹಾರ ಮಲ್ಲೇಶ್ವರದ ಪೊಲೀಸ್ ಠಾಣೆಯ ಮೆಟ್ಟಿಲೇರಿತು, ಬಂಧನಗಳಾದವು. ಆದರೆ ಹಾಗೆ ಮಾರಾಟವಾದ ಸೀಟಿನ ಮುಂದಿನ ಹಕ್ಕುದಾರ ಯಾರಾಗಿದ್ದರು? ಆ ಹುಡುಗನಿಗೆ ತನ್ನ ಸೀಟು ಕಳುವಾದದ್ದೂ ಗೊತ್ತಿರುವುದಿಲ್ಲ.

ಸೀಟು ಸಿಕ್ಕವರಿಗೆ ಶುಲ್ಕ ಕಟ್ಟಲು ಬೆರಳೆಣಿಕೆಯ ದಿನಗಳ ಗಡುವು. ಕಿವಿಯೋಲೆ ಗಿರವಿ ಅಂಗಡಿಗೆ ಹೋಗುತ್ತದೆ, ಸಂಘದ ಸಾಲ ಮನೆಗೆ ಬರುತ್ತದೆ. ವರ್ಷಕ್ಕೆ 8 ಲಕ್ಷದೊಳಗಿನ ಆದಾಯದವರಿಗೆ ಬೋಧನಾ ಶುಲ್ಕವಿಲ್ಲದ ಶೇ 5 ಎಸ್‌ಎನ್‌ಕ್ಯು (ಸೂಪರ್‌ನ್ಯೂಮರರಿ ಕೋಟಾ) ಸೀಟುಗಳಿವೆ. ದೇವರಾಜ ಅರಸು ನಿಗಮದಲ್ಲೂ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲೂ ‘ಅರಿವು’ ಸಾಲವಿದೆ. ಇದನ್ನು ಆ ಮನೆಗೆ ಹೇಳುವವರು ಬರುವಷ್ಟರಲ್ಲಿ ಓಲೆ ಹೋಗಿರುತ್ತದೆ.

ಪುಸ್ತಿಕೆ ಇದೆ, ವೆಬ್‌ಸೈಟ್ ಇದೆ, ಓದಿಕೊಳ್ಳಲಿ ಎನ್ನುವ ಅಧಿಕಾರಿಗಳಿದ್ದಾರೆ. ಅವರ ಮಕ್ಕಳು ಪುಸ್ತಿಕೆ ಓದಿ ಕಾಲೇಜು ಸೇರಿದವರಲ್ಲ. ಪಕ್ಕದಲ್ಲಿ ಅಪ್ಪ ಕೂತಿದ್ದ, ಚಿಕ್ಕಪ್ಪ ಫೋನಿನಲ್ಲಿದ್ದ. ಮನೆಯಲ್ಲಿ ಮೊದಲ ಬಾರಿಗೆ ಪಿಯುಸಿ ದಾಟಿದ ಹುಡುಗಿಗೆ ಆ ಚಿಕ್ಕಪ್ಪ ಎಲ್ಲಿಂದ ಬರಬೇಕು? ರಜೆಯಲ್ಲೂ ಕಾಲೇಜಿಗೆ ಬಂದು, ತಮ್ಮ ಲ್ಯಾಪ್‌ಟಾಪ್, ತಮ್ಮ ಡೇಟಾ ಖರ್ಚು ಮಾಡಿ ಮಕ್ಕಳ ಆಪ್ಷನ್ ಪಟ್ಟಿ ತಿದ್ದುವ ಉಪನ್ಯಾಸಕರು ಅಲ್ಲಲ್ಲಿ ಇದ್ದಾರೆ. ಅವರಿಗೆ ಶರಣು. ಅವರ ಒಳ್ಳೆಯತನದ ಹಿಂದೆ ಇಲಾಖೆ ಅಡಗಿ ಕೂರುವುದನ್ನು ಒಪ್ಪಲಾರೆ.

ಪ್ರತಿ ಸರ್ಕಾರಿ ಪಿಯು ಕಾಲೇಜಿನಲ್ಲಿ ಫಲಿತಾಂಶದ ದಿನದಿಂದ ಕೊನೆಯ ಸುತ್ತಿನವರೆಗೆ ಒಬ್ಬ ಉಪನ್ಯಾಸಕರಿಗೆ ಇದೇ ಕೆಲಸ ಕೊಡಿ, ಅದಕ್ಕೆ ಭತ್ಯೆ ಕೊಡಿ, ಇಂಟರ್‌ನೆಟ್ ಇರುವ ಕೊಠಡಿ ಕೊಡಿ. ಗ್ರಾಮೀಣ, ಕನ್ನಡ ಮಾಧ್ಯಮದ ದಾಖಲೆಗಳನ್ನು ದ್ವಿತೀಯ ಪಿಯುಸಿಯ ಡಿಸೆಂಬರಿನಲ್ಲೇ ಕಾಲೇಜಿನಲ್ಲಿ ಪೂರ್ತಿ ಮಾಡಿಸಿ. ಪ್ರತಿ ಮಗುವಿನ ಕೈಗೆ ಅದರ ಹೆಸರು, ಅದರ ಕಾಲಂ, ಹಿಂದಿನ ವರ್ಷ ಆ ಕಾಲಂನಲ್ಲಿ ಸೀಟು ಎಲ್ಲೆಲ್ಲಿ ಯಾವ ರ‍್ಯಾಂಕಿಗೆ ನಿಂತಿತ್ತು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿದ ಹಾಳೆ ಕೊಡಿ. ಕೊನೆಯ ಸುತ್ತಿನಲ್ಲಿ ಯಾವ ಸರ್ಕಾರಿ ಸೀಟು ಯಾರ ಹೆಸರಿನಲ್ಲಿ ಖಾಲಿ ಉಳಿದು ಆಡಳಿತ ಮಂಡಳಿಗೆ ಹೋಯಿತು ಎಂಬ ಪಟ್ಟಿಯನ್ನು ಅದೇ ವಾರ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿ. ನಾವು ಬಂದು ಓದಿಕೊಳ್ಳುತ್ತೇವೆ, ಒಂದೊಂದು ಸೀಟಿಗೂ ಲೆಕ್ಕ ಕೇಳುತ್ತೇವೆ.