ಎರಡನೇ ಸಲದ ಕರೆಂಟು ಯಾರಿಗೆ?

ನಮ್ಮ ಕೇರಿಯ ಅವ್ವ ಒಬ್ಬಳು ಬೆನ್ನು ನೋವು ಅಂತ ಆರು ತಿಂಗಳು ಆಸ್ಪತ್ರೆ ಸುತ್ತಿದಳು. ಮೂಟೆ ಹೊತ್ತು, ಬಗ್ಗಿ ನಾಟಿ ಹಾಕಿ ಸವೆದ ಬೆನ್ನು. 'ಕೂಲಿ ಮಾಡೋರ ಬೆನ್ನು ನೋಯದೆ ಇನ್ನೇನಾಗುತ್ತೆ, ಹೋಗು' ಅಂತ ಮಾತ್ರೆ ಕೊಟ್ಟು ಕಳಿಸಿದರು. ಐದು ವರ್ಷದ ಹಿಂದೆ ಈಕೆ ಮೊಲೆಯ ಗಡ್ಡೆ ತೆಗೆಸಿಕೊಂಡವಳು ಅನ್ನೋದನ್ನು ಯಾರೂ ಕೇಳಲಿಲ್ಲ. ಕಡೆಗೆ ದೊಡ್ಡಾಸ್ಪತ್ರೆಯಲ್ಲಿ ಗೊತ್ತಾಯಿತು, ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಹತ್ತು ದಿನ ಕರೆಂಟು ಕೊಟ್ಟರು. ವಿಕಿರಣ ಚಿಕಿತ್ಸೆಗೆ ನಮ್ಮ ಜನ ಇಟ್ಟ ಹೆಸರು ಅದು. ತಿಂಗಳೊಳಗೆ ಆಕೆ ಮಲಗಿ ನಿದ್ದೆ ಮಾಡಿದಳು, ತಾನೇ ಮುದ್ದೆ ತೊಳೆಸಿದಳು. ಎಂಟು ತಿಂಗಳಿಗೆ ಅದೇ ಜಾಗದಲ್ಲಿ ಅದೇ ನೋವು ಮತ್ತೆ ಬಂತು. ಹೋದರೆ ಕಂಪೌಂಡಿನಾಚೆಯೇ ಉತ್ತರ: 'ಒಂದ್ಸಲ ಕೊಟ್ಟಾಯ್ತಲ್ಲ. ಹೋಗೋ ಜೀವಕ್ಕೆ ಎಷ್ಟು ಸಲ ಅಂತ ಕೊಡೋದು? ಮನೆಗೆ ಕರ್ಕೊಂಡ್ಹೋಗಿ.'

ನಮ್ಮ ಜಗಳ ಈ ಮಾತಿನ ಮೇಲೆ.

ಒಂದು ಸಲ ಕೊಟ್ಟ ಜಾಗಕ್ಕೆ ಮತ್ತೆ ಕೊಡಬಾರದು ಅನ್ನೋದು ಶಾಸ್ತ್ರವಲ್ಲ, ಸ್ವಾಮಿ. ಮೂಳೆಗೆ ಹರಡಿ ಮರುಕಳಿಸಿದ ನೋವಿಗೆ ಎರಡನೇ ಸಲ ವಿಕಿರಣ ಕೊಟ್ಟು, ಹಲವು ದೇಶಗಳ 850 ರೋಗಿಗಳ ಮೇಲೆ ನಡೆದ ಅಧ್ಯಯನ 2014ರಲ್ಲಿ 'ಲ್ಯಾನ್ಸೆಟ್ ಆಂಕಾಲಜಿ' ಪತ್ರಿಕೆಯಲ್ಲಿ ಬಂತು. ಕೆಲವರಿಗೆ ಒಂದೇ ದಿನ 8 ಗ್ರೇ, ಉಳಿದವರಿಗೆ ಹಲವು ದಿನಗಳಲ್ಲಿ ಒಟ್ಟು 20 ಗ್ರೇ. ಎರಡು ತಿಂಗಳ ಮೇಲೆ ನೋಡಿದರೆ ನೋವು ಇಳಿದವರು ನೂರಕ್ಕೆ 28 ಮತ್ತು 32. ಹೇಳಿದಂತೆ ಚಿಕಿತ್ಸೆ ಪೂರೈಸಿ ಲೆಕ್ಕಕ್ಕೆ ಸಿಕ್ಕವರಲ್ಲಿ 45 ಮತ್ತು 51. ಎಲ್ಲರಿಗೂ ನಾಟುವುದಿಲ್ಲ, ಒಪ್ಪುತ್ತೇವೆ. ಆಯಸ್ಸು ಹೆಚ್ಚಿಸುವ ಮದ್ದೂ ಅಲ್ಲ. ಆದರೆ ರಾತ್ರಿಯೆಲ್ಲ ಗೋಡೆಗೊರಗಿ ಕೂತವಳಿಗೆ ಮಲಗುವ ಸುಖ ಸಿಗುವ ಅವಕಾಶವಿದ್ದರೆ ಅದನ್ನು ಬೇಡ ಅನ್ನೋಕೆ ಇವರಿಗೆ ಅಧಿಕಾರ ಕೊಟ್ಟವರ್‍ಯಾರು?

ಅಪಾಯ ಇದೆ. ಬೆನ್ನುಮೂಳೆಯ ಒಳಗೆ ಹುರಿ ಇದೆ. ಅದು ಹಳೇ ವಿಕಿರಣವನ್ನು ಪೂರ್ತಿ ಮರೆಯುವುದಿಲ್ಲ. ಅದಕ್ಕೇ ಡಾಕ್ಟರು ಮೊದಲ ಸಲ ಯಾವ ಮಣಿಗೆ, ಎಷ್ಟು, ಯಾವತ್ತು ಕೊಟ್ಟರು ಅಂತ ನೋಡಬೇಕು. ಆರು ತಿಂಗಳಾದರೂ ಕಳೆದಿದ್ದು, ಎರಡೂ ಸಲದ ಒಟ್ಟು ಮಿತಿ ದಾಟದಿದ್ದರೆ ಹುರಿಗೆ ಪೆಟ್ಟಾಗುವ ಸಂಭವ ಕಡಿಮೆ. ಇದು ಕೂತು ಮಾಡಬೇಕಾದ ಲೆಕ್ಕ. ನಮ್ಮ ಅವ್ವನ ಫೈಲನ್ನು ಯಾರೂ ಬಿಚ್ಚಲೇ ಇಲ್ಲ. ದುಡ್ಡಿದ್ದವರಿಗೆ ಇದೇ ಊರಲ್ಲಿ ಹುರಿಯನ್ನು ತಪ್ಪಿಸಿ ಗಡ್ಡೆಗಷ್ಟೇ ಹಾಯಿಸುವ ನಾಜೂಕು ಯಂತ್ರ. ನಮಗೆ ಹಣೆಬರಹ.

ಇನ್ನೊಂದು ಮಾತನ್ನು ಗೆಳೆಯರು ಗಮನಿಸಬೇಕು. ಮೊದಲನೇ ಸಲವೂ ಬರೀ ನೋವಿಗೆ ಒಂದು ದಿನದ 8 ಗ್ರೇ ಹತ್ತು ದಿನದಷ್ಟೇ ಕೆಲಸ ಮಾಡುತ್ತದೆ ಅಂತ ಹಲವು ಅಧ್ಯಯನಗಳು ಹೇಳಿವೆ. ಕೂಲಿಯವರಿಗೆ ಇದು ವರದಾನ. 2018ರಿಂದ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಕಾರ್ಡಿದೆ. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಸಂತೋಷ. ಆದರೆ ಬೆನ್ನು ಕೊರೆಯುತ್ತಿರುವವಳು ಬಸ್ಸಿನಲ್ಲಿ ಹೇಗೆ ಕೂತಾಳು? ಹತ್ತು ದಿನ ಜೊತೆಗಿರುವ ಮಗನ ಕೂಲಿ ಯಾರು ಕಟ್ಟಿಕೊಡ್ತಾರೆ? ಹಾಗಾಗಿ ಒಂದೇ ದಿನದ್ದು ಕೊಡಿ ಅಂತ ನಾವೇ ಕೇಳುತ್ತೇವೆ. ಆದರೆ ಒಂದು ದಿನದ್ದು ಪಡೆದವರಲ್ಲಿ ನೂರಕ್ಕೆ ಸುಮಾರು 20 ಜನಕ್ಕೆ ಮತ್ತೆ ಕೊಡಬೇಕಾಗಿ ಬಂದಿದೆ. ಹಲವು ದಿನದ್ದು ಪಡೆದವರಲ್ಲಿ ಸುಮಾರು 8 ಜನಕ್ಕೆ. ಅಂದರೆ ಒಂದು ದಿನದ ಕರೆಂಟು ಒಳಗೇ ಒಂದು ಮಾತು ಕೊಟ್ಟಿರುತ್ತದೆ, ನೋವು ತಿರುಗಿ ಬಂದರೆ ಬಾ ಅಂತ. ಬಾಗಿಲು ಹಾಕಿಕೊಂಡು ಒಂದೇ ದಿನ ಕೊಡುವುದು ಉಪಕಾರವಲ್ಲ, ಕೈ ತೊಳೆದುಕೊಳ್ಳುವುದು.

ಕಾಲು ಸೋಲುವುದು, ಜೋಮು ಏರುವುದು, ಉಚ್ಚೆ ಕಟ್ಟುವುದು ಕಂಡರೆ ಮಾತ್ರ ಅವತ್ತೇ ಹೊರಡಬೇಕು. ಹುರಿ ಅಮುಕಿ ಹೋಗಿ ಒಂದೆರಡು ದಿನ ಕಳೆದರೆ ಬಿದ್ದ ಕಾಲು ಏಳುವುದು ಅಪರೂಪ. 'ಸೋಮವಾರ ಬಾ' ಅಂದರೆ ಕೇಳಬೇಡಿ. ಪಶ್ಚಿಮ ಬಂಗಾಳದ ಕೃಷಿ ಕೂಲಿಕಾರರ ಸಂಘ ಹೂಡಿದ ಮೊಕದ್ದಮೆಯಲ್ಲಿ, ಸರ್ಕಾರಿ ಆಸ್ಪತ್ರೆ ತುರ್ತು ಚಿಕಿತ್ಸೆಯನ್ನು ಹೊತ್ತಿಗೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಅಂತ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಆ ತೀರ್ಪನ್ನು ಗೆದ್ದು ತಂದದ್ದು ಕೂಲಿಕಾರರ ಸಂಘ.

ಅವ್ವ ಮೂರು ತಿಂಗಳು ಕೂತೇ ನಿದ್ದೆ ಮಾಡಿ ಹೋದಳು. ಮಾರ್ಫೀನೂ ಸಿಗಲಿಲ್ಲ. ಆ ಕಾನೂನಿನ ಗಂಟನ್ನು ದೆಹಲಿಯಲ್ಲಿ 2014ರಲ್ಲಿ ಸಡಿಲಿಸಿದ್ದು ನಮ್ಮ ತಾಲ್ಲೂಕಿಗೆ ಇನ್ನೂ ತಲುಪಿದ ಹಾಗಿಲ್ಲ.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮ ಕೋರಿಕೆ ಇಷ್ಟು. ಕರೆಂಟು ಕೊಡಿಸಿಕೊಂಡು ಬಂದವರ ಮನೆಗೆ ಹೋಗಿ ಫೈಲು ತೆರೆಯಿರಿ. ಯಾವ ಮಣಿ, ಎಷ್ಟು ಗ್ರೇ, ಎಷ್ಟು ದಿನ, ಯಾವ ತಾರೀಖು ಅಂತ ಕನ್ನಡದಲ್ಲಿ ಒಂದು ಚೀಟಿ ಬರೆದು ರೇಷನ್ ಕಾರ್ಡಿನ ಜೊತೆ ಇಡಿಸಿ. ಈ ಚೀಟಿಯನ್ನು ಆಸ್ಪತ್ರೆಯೇ ಬರೆದುಕೊಡಬೇಕು ಅಂತ ನಾವು ಜಿಲ್ಲಾ ಕಚೇರಿಯ ಮುಂದೆ ಕೂರುತ್ತೇವೆ. ಅಲ್ಲಿಯವರೆಗೆ ನೀವು ಬರೆಯಿರಿ.