ಗೋಸುಂಬೆಗೆ ಎಷ್ಟು ಬಿಸಿಲು?

ಕಲಾ ಕಾಲೇಜಿನ ಸಂಚಿಕೆಯಲ್ಲಿ ಗೋಸುಂಬೆಗೇನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ಚುನಾವಣೆ ಬಂದಾಗ ಅದರ ಹೆಸರನ್ನು ನಾವೆಲ್ಲರೂ ಧಾರಾಳವಾಗಿಯೇ ಬಳಸುತ್ತೇವೆ. ಆದರೆ ಆ ಬಡಪ್ರಾಣಿ ಬಣ್ಣ ಬದಲಿಸುವುದು ಪಕ್ಷಾಂತರಕ್ಕಲ್ಲ. ತನ್ನ ಜಾತಿಯವರಿಗೆ ಸುದ್ದಿ ಮುಟ್ಟಿಸಲಿಕ್ಕೆ ಮತ್ತು ಮೈಯ ಬಿಸಿಯನ್ನು ಹದದಲ್ಲಿಟ್ಟುಕೊಳ್ಳಲಿಕ್ಕೆ. ಈ ಎರಡನೆಯ ಸಂಗತಿಯನ್ನು ತಿಳಿಯದೆ ನಾನು ಒಂದು ಜೀವವನ್ನು ಕಳೆದವನು. ಆದಕಾರಣ, ವಿಜ್ಞಾನದ ವಿದ್ಯಾರ್ಥಿಯಲ್ಲದಿದ್ದರೂ ಈ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ನಾನಾಗ ಎಂಟನೆಯ ತರಗತಿ. ನಮ್ಮದು ಬಯಲುಸೀಮೆಯ ಒಂದು ಸಣ್ಣ ಹಳ್ಳಿ. ಮನೆಯಲ್ಲಿ ಓದು ಬರಹ ಬಲ್ಲವನು ನಾನೊಬ್ಬನೇ. ಹೊಲದ ಲಂಟಾನದ ಬೇಲಿಯಲ್ಲಿ ಸಿಕ್ಕ ಗೋಸುಂಬೆಯೊಂದನ್ನು ತಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟೆ. ಅದು 'ಶೀತರಕ್ತ ಪ್ರಾಣಿ' ಎಂದು ಪಾಠದಲ್ಲಿ ಓದಿದ್ದೆ. ರಕ್ತವೇ ತಣ್ಣಗಿರುವಾಗ ಪಾಪ, ಚಳಿಯಾಗದೆ ಇದ್ದೀತೆ ಎಂದು ಪೆಟ್ಟಿಗೆಯ ಬಾಯಿಗೆ 60 ವ್ಯಾಟಿನ ಬಲ್ಬನ್ನು ಇಳಿಬಿಟ್ಟೆ. ಕಪ್ಪಗಿದ್ದ ಪ್ರಾಣಿ ಕ್ರಮೇಣ ಬಿಳಿಚಿಕೊಂಡಿತು, ಸುಖವಾಗಿದೆಯೆಂದುಕೊಂಡೆ. ಬಾಯಿ ತೆರೆದು ಕುಳಿತಿತು; ಹಸಿವೆಂದುಕೊಂಡು ಮಿಡತೆ ಹಾಕಿದೆ. ಬೆಳಗ್ಗೆ ನೋಡಿದರೆ ಸತ್ತಿತ್ತು. ಹೊಲಕ್ಕೆ ಹೊರಟಿದ್ದ ನಮ್ಮಪ್ಪ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, "ಬಿಸ್ಲು ಕೊಟ್ಟೆ, ಸರಿ. ನೆಳ್ಳು ಎಲ್ಲಿ ಕೊಟ್ಟೆ ಮಗಾ?" ಎಂದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಆ ಮಾತಿನ ಪೂರ್ತಿ ಅರ್ಥ ತಿಳಿದದ್ದು ಕಾಲೇಜಿಗೆ ಬಂದು ಓದಿದ ಮೇಲೆ. ಗೋಸುಂಬೆಯ ರಕ್ತ ಯಾವಾಗಲೂ ತಣ್ಣಗಿರುವುದಿಲ್ಲ. ಉಂಡ ಅನ್ನದಿಂದಲೇ ಮೈ ಬೆಚ್ಚಗಿಟ್ಟುಕೊಳ್ಳುವ ನಮ್ಮ ಅನುಕೂಲ ಅದಕ್ಕಿಲ್ಲ, ಅಷ್ಟೆ. ಬಿಸಿಯನ್ನು ಅದು ಹೊರಗಿನಿಂದ ಸಾಲ ತರಬೇಕು, ಹೆಚ್ಚಾದರೆ ಹಿಂದಿರುಗಿಸಬೇಕು. ಬೆಳಗಿನ ಹೊತ್ತು ಬೇಲಿಯ ಮೂಡಣ ಮಗ್ಗುಲಿಗೆ ಬಂದು, ಮೈಯನ್ನು ಎಲೆಯಂತೆ ಚಪ್ಪಟೆ ಮಾಡಿ, ಬಣ್ಣವನ್ನು ಕಪ್ಪಾಗಿಸಿ, ಪಕ್ಕೆಯನ್ನು ಸೂರ್ಯನಿಗೆ ಒಡ್ಡುತ್ತದೆ. ಕಪ್ಪು ಮೈ ಬಿಸಿಲನ್ನು ಹೆಚ್ಚಾಗಿ ಹೀರುತ್ತದೆ. ಕಾದ ಮೇಲೆ ಬಿಳಿಚುತ್ತದೆ. ಇನ್ನೂ ಕಾದರೆ ಎಲೆಗಳ ಒಳಕ್ಕೆ ಸರಿಯುತ್ತದೆ. ಸರಿಯಲು ಜಾಗವಿಲ್ಲದಿದ್ದರೆ ಬಾಯಿ ತೆರೆಯುತ್ತದೆ. ಅದು ಸೆಖೆ ತಾಳಲಾರದ ಲಕ್ಷಣ. ಚಳಿಯಲ್ಲಿಯೂ ಗೋಸುಂಬೆ ನಾಲಗೆಯನ್ನು ಹೆಚ್ಚುಕಡಿಮೆ ಅದೇ ವೇಗದಿಂದ ಚಿಮ್ಮಬಲ್ಲದು, ಆದರೆ ಹಿಂದಕ್ಕೆಳೆಯುವಾಗ ಬಹಳ ನಿಧಾನವಾಗುತ್ತದೆಂದು 2010ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ತೋರಿಸಿತು. ಚಿಮ್ಮುವುದು ಬಿಲ್ಲಿನ ಹೆದೆ ಬಿಟ್ಟಂತೆ. ಎಳೆಯುವುದು ಸ್ನಾಯುವಿನ ದುಡಿಮೆ. ಹಿಡಿದದ್ದನ್ನು ಅರಗಿಸಿಕೊಳ್ಳಲಂತೂ ಬಿಸಿ ಬೇಕೇ ಬೇಕು.

ಅಮೆರಿಕ, ಯೂರೋಪುಗಳಲ್ಲಿ ಯೆಮೆನ್ ಕಡೆಯ, ತಲೆಯ ಮೇಲೆ ಎತ್ತರದ ಕಿರೀಟವುಳ್ಳ ಗೋಸುಂಬೆಯನ್ನು ಮನೆಯಲ್ಲಿ ಸಾಕುತ್ತಾರೆ. ಅವರು ಮೊದಲು ಕೇಳುವ ಪ್ರಶ್ನೆ "ಎಷ್ಟು ಡಿಗ್ರಿ?" ಎಂಬುದು. ಬೆಳೆದ ಪ್ರಾಣಿ ಬಿಸಿಲು ಕಾಯುವ ಕೊಂಬೆಯಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕೆಂದು ಅನುಭವಸ್ಥರು ಹೇಳುತ್ತಾರೆ. ಮರಿಗಳಿಗೆ ಇನ್ನೂ ಕಡಿಮೆ. ಪೂರ್ವ ಆಫ್ರಿಕದ ಎತ್ತರದ ಬೆಟ್ಟಗಳಿಂದ ಬಂದ, ಮೂರು ಕೊಂಬಿನ ಜಾಕ್ಸನ್ ಗೋಸುಂಬೆಗೆ ಅಷ್ಟು ಬಿಸಿಯೂ ಸಲ್ಲದು. ಆದರೆ ಪ್ರಶ್ನೆಯೇ ಅರ್ಧ ಎಂಬುದು ನನ್ನ ನಮ್ರ ಅಭಿಪ್ರಾಯ. ಆ ಅಂಕೆ ಒಂದು ಕೊಂಬೆಯದು, ಇಡೀ ಪಂಜರದ್ದಲ್ಲ. ಪಂಜರವೆಲ್ಲ ಒಂದೇ ಸಮನೆ 32 ಡಿಗ್ರಿಯಾದರೆ ಅಂಕೆ ಸರಿಯಿದ್ದೂ ಅದು ಒಲೆಯೇ. ಮೇಲೆ ಬಿಸಿಲ ಕೊಂಬೆ, ಕೆಳಗೆ ಏಳೆಂಟು ಡಿಗ್ರಿ ತಣ್ಣಗಿರುವ ದಟ್ಟ ಎಲೆ, ನಡುವೆ ಹತ್ತಿಳಿಯಲು ದಾರಿ, ಇಷ್ಟನ್ನು ಒದಗಿಸುವುದು ಸಾಕುವವನ ಕೆಲಸ; ಯಾವಾಗ ಎಲ್ಲಿರಬೇಕೆಂಬುದು ಗೋಸುಂಬೆಯ ಕೆಲಸ.

ಅಳೆಯುವುದರಲ್ಲಿಯೂ ತಪ್ಪುಗಳಿವೆ. ಪಂಜರದ ಗೋಡೆಗೆ ಅಂಟಿಸಿದ ಉಷ್ಣಮಾಪಕ ಗೋಡೆಯ ಬಿಸಿಯನ್ನು ಹೇಳುತ್ತದೆ. ಅಳೆಯಬೇಕಾದದ್ದು ಕೊಂಬೆಯ ಮೇಲೆ, ಪ್ರಾಣಿಯ ಬೆನ್ನು ಬರುವ ಎತ್ತರದಲ್ಲಿ. ಬಲ್ಬು ತೀರ ಸಮೀಪವಿದ್ದರೆ ಬೆನ್ನೂ ಕಿರೀಟವೂ ಸುಡುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಗಾಳಿ ನಿಲ್ಲುತ್ತದೆ. ರಾತ್ರಿ ಬಲ್ಬನ್ನು ಆರಿಸಿ ತಂಪಾಗಲು ಬಿಡಬೇಕು. ಯೆಮೆನಿನ ಬೆಟ್ಟಗಳಲ್ಲಿ ರಾತ್ರಿ ತಂಪೇ. ಬಿಸಿ ಕೊಟ್ಟ ಮಾತ್ರಕ್ಕೆ ಬಿಸಿಲು ಕೊಟ್ಟಂತಲ್ಲ ಎಂಬುದೂ ನೆನಪಿರಬೇಕು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಸಾಮಾನ್ಯ ಬಲ್ಬಿನಲ್ಲಿಲ್ಲ. ಮೂಳೆ ಗಟ್ಟಿಯಾಗಲು ಬೇಕಾದ ಕಿರಣವನ್ನು ಕಿಟಕಿಯ ಗಾಜೂ ತಡೆಯುತ್ತದೆ. ಅದಕ್ಕೆ ಬೇರೆಯೇ ದೀಪ ಬೇಕು.

ನಮ್ಮ ಕಡೆ ಏಪ್ರಿಲಿನ ಮಧ್ಯಾಹ್ನ 38 ಡಿಗ್ರಿ ದಾಟುತ್ತದೆ, ಆದರೂ ಗೋಸುಂಬೆ ಬದುಕಿಲ್ಲವೆ ಎಂದು ಗೆಳೆಯನೊಬ್ಬ ವಾದಿಸಿದ. ಬದುಕಿದೆ, ನಿಜ, ಬಿಸಿಲಿನಲ್ಲಲ್ಲ, ಬೇಲಿಯ ಹೊಟ್ಟೆಯೊಳಗೆ. ನಾನು ಪೆಟ್ಟಿಗೆಯಲ್ಲಿ ಕೊಡಲಾರದೆ ಹೋದದ್ದನ್ನು ಒಂದು ಮೊಳ ದಪ್ಪದ ಲಂಟಾನ ದಿನವೂ ಕೊಡುತ್ತಿದೆ.

ಅಧ್ಯಾಪಕ ವರ್ಗದವರಲ್ಲಿ ಒಂದು ಬಿನ್ನಹ. 'ಶೀತರಕ್ತ' ಎಂಬ ಪದವನ್ನು ನಾವು ಇನ್ನು ಬಿಡುವುದು ಲೇಸು. ನಾಳೆ ನಮ್ಮಲ್ಲಿ ಅನೇಕರು ಶಾಲೆಯ ಉಪಾಧ್ಯಾಯರಾಗುವವರು. 'ಹೊರಗಿನ ಬಿಸಿಯಿಂದ ಬದುಕುವ ಪ್ರಾಣಿ' ಎಂದು ಹೇಳಿಕೊಟ್ಟರೆ ಮಾತು ಉದ್ದವಾದರೂ ಸತ್ಯವಾಗಿರುತ್ತದೆ. ಮನೆಯಲ್ಲಿ ಮೊದಲು ಓದಿದ ನಮ್ಮಂಥವರಿಗೆ ಅಚ್ಚಾದ ಪದವೇ ಪ್ರಮಾಣ. ಅದನ್ನು ತಿದ್ದುವವರು ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿಯುತ್ತೇವೆ. ನನ್ನ ಮನೆಯಲ್ಲಿ ಇದ್ದರು. ನಾನು ಕೇಳಿರಲಿಲ್ಲ.

ಕೊನೆಯದಾಗಿ, ಇದನ್ನೋದಿ ಯಾರೂ ಗೋಸುಂಬೆ ಹಿಡಿಯಲು ಹೊರಡಬಾರದು. ಭಾರತದಲ್ಲಿರುವುದು ಒಂದೇ ಜಾತಿಯ ಗೋಸುಂಬೆ; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಅಂದು ನಾನು ಮಾಡಿದ್ದೂ ಅಪರಾಧವೇ. ನಮ್ಮಿಂದಾಗುವ ಸಾಕಣೆಯೆಂದರೆ ಬೇಲಿಯನ್ನು ಉಳಿಸುವುದು. ನಮ್ಮೂರಿನಲ್ಲಿ ಈಗ ಹಸಿರುಬೇಲಿ ಕಿತ್ತು ಕಲ್ಲುಕಂಬ ನೆಟ್ಟು ತಂತಿ ಬಿಗಿಯುತ್ತಿದ್ದಾರೆ. ನಮ್ಮ ಹೊಲಕ್ಕೂ ತಂತಿ ಹಾಕಿಸೋಣವೆಂದು ಹೋದ ವರ್ಷ ಅಪ್ಪನಿಗೆ ಹೇಳಿದವನು ನಾನೇ. ಮೂಡಣ ಬದುವಿನ ಬೇಲಿಯನ್ನಾದರೂ ಬಿಡೋಣವೆಂದು ಪರೀಕ್ಷೆ ಮುಗಿಸಿ ಊರಿಗೆ ಹೋದೊಡನೆ ಹೇಳಬೇಕಾಗಿದೆ.

— ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ