ಭಾಗ 7: ಬಿಲ್ ಕೊಡದ ಮನೆ

ಆಗುಂಬೆಯ ದೊಡ್ಡಮನೆ ಫೋಟೋ ಹಾಕಿದ್ದೇ ತಡ, ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ: "ರೂಮಿಗೆ ಎಷ್ಟು ಮಗಾ?"

ಇಷ್ಟು ಅಂತ ಇಲ್ಲ ಕಣ್ರೋ. ಊಟಕ್ಕೂ ಇಲ್ಲ. ನಮ್ಮ ಮಲವಗೊಪ್ಪದಿಂದ ಸುಮಾರು 100 ಕಿಲೋಮೀಟರ್, ತೀರ್ಥಹಳ್ಳಿ ಮೇಲೆ ಹೋಗ್ಬೇಕು. ನೂರು ವರ್ಷ ದಾಟಿದ ಮನೆ, ಮರದ ಕಂಬಗಳು, ನಡುವೆ ತೆರೆದ ಅಂಗಳ. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್'ನಲ್ಲಿ ಸ್ವಾಮಿಯ ಮನೆ ಆಗಿದ್ದು ಇದೇ. 1986ರಲ್ಲಿ ದೂರದರ್ಶನದಲ್ಲಿ ಬಂದಾಗ ನಮ್ಮಲ್ಲಿ ಯಾರೂ ಹುಟ್ಟಿರಲಿಲ್ಲ, ಆದ್ರೂ ಎಲ್ಲರ ರೀಲ್‌ಗೂ ಅದೇ ಮ್ಯೂಸಿಕ್ ಬೇಕು! ಬಂದವರಿಗೆ ಕಷಾಯ, ಊಟ, ಮಲಗೋಕೆ ಜಾಗ. ಹೊರಡುವಾಗ ನಿಮಗೆ ತೋಚಿದ್ದು ಕೊಡಬಹುದು, ಅಷ್ಟೇ.

ನಾವು ನಾಲ್ಕು ಜನ ಹೋಗಿದ್ವಿ. ದಾರೀಲಿ ಒಂದು ಹೋಟೆಲ್‌ನಲ್ಲಿ 520 ಬಿಲ್ ಬಂತು, ಯಾರೂ ತುಟಿ ಬಿಚ್ಚದೆ ಸ್ಕ್ಯಾನ್ ಮಾಡಿದ್ವಿ. ದೊಡ್ಡಮನೇಲಿ ರಾತ್ರಿ ಊಟ, ನಿದ್ದೆ, ಬೆಳಿಗ್ಗೆ ತಿಂಡಿ, ಎರಡು ಸಲ ಕಷಾಯ. ಹೊರಡೋ ಹೊತ್ತಿಗೆ ಜಗಲಿ ಮೂಲೇಲಿ ಪಿಸುಪಿಸು ಶುರು. "ತಲೆಗೆ ನೂರು ಸಾಕಲ್ವಾ? ಅವರೇನೂ ಕೇಳಲ್ವಲ್ಲ."

ಹಾಗಂದಿದ್ದು ನಾನೇ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಕ್ಲಾಸಿಗೇ ಹೆಚ್ಚು ಮಾರ್ಕ್ಸ್ ತಗೊಂಡೋನು.

ವಾಪಸ್ ಬರ್ತಾ ಬಸ್ಸಲ್ಲಿ ಮನಸ್ಸಲ್ಲೇ ಕಾಸ್ಟ್ ಶೀಟ್ ಹಾಕಿದೆ. ಅಕ್ಕಿ, ಹಾಲು, ಸೌದೆ. ಹಾಸಿಗೆ ಬಟ್ಟೆ ಒಗೆಯೋದು, ಅದನ್ನ ಆಗುಂಬೆ ಮಳೇಲಿ ಒಣಗಿಸೋದು (ಅದೇ ಒಂದು ಯುದ್ಧ). ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸ್ಬೇಕು, ಹಳೇ ಮರ ಗೆದ್ದಲು ಹಿಡಿಯದಂಗೆ ನೋಡ್ಕೋಬೇಕು. ಲೇಬರ್ ಕಾಲಂ ಹತ್ರ ಬಂದು ನಿಲ್ಲಿಸಿಬಿಟ್ಟೆ. ಬಡಿಸಿದವರು ನಾವು ತಿಂದು ಏಳೋ ತನಕ ಕೂತಿರ್ಲಿಲ್ಲ.

ರೇಟ್ ಫಿಕ್ಸ್ ಮಾಡಿದ್ರೆ ಮುಗೀತಲ್ಲ, ಯಾಕೆ ಈ ಮುಜುಗರ ಅಂತ ನನ್ನ ಫ್ರೆಂಡ್ ಕೇಳ್ದ. ಮುಗಿಯುತ್ತೆ, ನಿಜ. ಆಗ ಅದು ಇನ್ನೊಂದು ಹೋಂಸ್ಟೇ ಆಗುತ್ತೆ, ಜೇಬು ಖಾಲಿ ಇರೋನು ಗೇಟಿಂದಲೇ ವಾಪಸ್. ಈಗ ಅವನೂ ಜಗಲಿ ಹತ್ತಬಹುದು. ಆದ್ರೆ ಅವನ ಪಾಲು ಯಾರೋ ತುಂಬಬೇಕಲ್ಲ? ಕ್ರಾಸ್ ಸಬ್ಸಿಡಿ ಅಂತ ಐದು ಮಾರ್ಕ್ಸಿಗೆ ಬರೀತೀವಿ. ಅಲ್ಲಿ ಮಾತ್ರ 520 ಸಲೀಸಾಗಿ ಕೊಟ್ಟ ನಾವೇ ಇಲ್ಲದವರ ಲೈನಲ್ಲಿ ನಿಂತ್ವಿ.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದ್ರೆ: ನಮ್ಮ ಬಿ.ಎಚ್. ರೋಡ್ ಲಾಡ್ಜು, ಮೆಸ್ಸು ಸೇರಿ ಎಷ್ಟಾಗುತ್ತೋ ಮನೇಲೇ ಕೂತು ಲೆಕ್ಕ ಹಾಕಿ, ಅದಕ್ಕಿಂತ ಒಂದು ರೂಪಾಯಿ ಕಮ್ಮಿ ಆಗದಂಗೆ ಕವರಲ್ಲಿಟ್ಟು ತಗೊಂಡು ಹೋಗಿ. ನಿಜವಾಗ್ಲೂ ಇಲ್ಲ ಅಂದ್ರೆ ಇಲ್ಲ, ಅದಕ್ಕೆ ನಾಚಿಕೆ ಬೇಡ. ಹೋಗೋ ಮುಂಚೆ ತಿಳಿಸಿ ಹೋಗಿ, ಹದಿನೈದು ಜನ ಟೆಂಪೋ ಟ್ರಾವೆಲರ್‌ನಲ್ಲಿ ಹೋಗಿ ಇಳೀಬೇಡಿ. ಅದು ಸೆಟ್ ಅಲ್ಲ ಮಾರಾಯ್ರೇ, ಒಳಗೆ ಸಂಸಾರ ಇದೆ.

ಸೆಮಿಸ್ಟರ್ ಮುಗಿದ ಮೇಲೆ ಮತ್ತೆ ಹೋಗ್ತಿದ್ದೀನಿ, ಹಳೇ ಬಾಕಿ ಸಮೇತ. ಇನ್ನಿಬ್ಬರಿಗೆ ಜಾಗ ಇದೆ. "ಎಷ್ಟು ಮಗಾ" ಅಂತ ಕೇಳದವರು ಮಾತ್ರ ಮೆಸೇಜ್ ಮಾಡಿ.